ಒಂದೇ ಏಟಿಗೆ ಸಂಸಾರ ಬಿಡ್ತಾರಾ?

ಪ್ರಶ್ನೆ: ನನಗೆ 36 ವರ್ಷ. ಮದುವೆಯಾಗಿ ಹನ್ನೊಂದು ವರ್ಷ ಆಯಿತು. ದಾವಣಗೆರೆಯಲ್ಲಿದ್ದೇವೆ. ಒಂಬತ್ತು ವರ್ಷದ ಮಗಳಿದ್ದಾಳೆ. ಹೋದ ಭಾನುವಾರ ಮನೆಯವರೆಲ್ಲ ಕೂತು 'ಥಪ್ಪಡ್' ಹಿಂದಿ ಸಿನಿಮಾ ನೋಡಿದೆವು. ಅತ್ತೆ, "ಒಂದೇ ಏಟಿಗೆ ಸಂಸಾರ ಬಿಡ್ತಾರಾ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಅಂದರು. ನಮ್ಮ ಯಜಮಾನರು, "ಇದೆಲ್ಲಾ ಸಿನಿಮಾದಲ್ಲಿ ಮಾತ್ರ, ಯಾವ ಕೋರ್ಟೂ ಇದಕ್ಕೆ ಡೈವೋರ್ಸ್ ಕೊಡಲ್ಲ" ಅಂದರು. ನಾನು ಸುಮ್ಮನಿದ್ದೆ. ಎರಡು ವರ್ಷದ ಹಿಂದೆ ನನ್ನ ಅಣ್ಣನ ಮದುವೆಯಲ್ಲಿ, ಊಟದ ಹಾಲ್‌ನಲ್ಲಿ, ಎಲ್ಲರ ಎದುರಿಗೆ ಇವರು ನನ್ನ ಕೆನ್ನೆಗೆ ಹೊಡೆದಿದ್ದರು. ಅದಕ್ಕೆ ಮುಂಚೆ ಹೊಡೆದಿಲ್ಲ, ಆಮೇಲೂ ಹೊಡೆದಿಲ್ಲ. ಆದರೆ ಆ ಮದುವೆಯ ಆಲ್ಬಮ್ ಅನ್ನು ನಾನು ಇವತ್ತಿಗೂ ತೆರೆದು ನೋಡಿಲ್ಲ. ನನ್ನದು ಅತಿ ಆಯಿತಾ? ಕಾನೂನು ನಿಜಕ್ಕೂ ಏನು ಹೇಳುತ್ತದೆ? ಸಿನಿಮಾದ ಆ ಹುಡುಗಿಯ ಹಾಗೆ ಗಂಡನನ್ನು ಬಿಟ್ಟು ಹೊರಗೆ ಬಂದರೆ ನನ್ನಂಥವಳ ಕೈಗೆ ಏನು ಉಳಿಯುತ್ತದೆ?

ಉತ್ತರ: ನಿಮ್ಮದು ಅತಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸೆಕ್ಷನ್ನುಗಳ ಮಾತು ಶುರುವಾದರೆ ಇದು ಎಲ್ಲೋ ಕಳೆದುಹೋಗುತ್ತದೆ.

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಿದ್ದೇನೆ. ನನ್ನ ಮುಂದೆ ಬಂದು ಕೂರುವ ಹೆಣ್ಣುಮಕ್ಕಳಲ್ಲಿ ತುಂಬಾ ಜನ ಶುರುಮಾಡುವುದೇ ಹೀಗೆ: "ಮೇಡಂ, ಅಂಥಾ ದೊಡ್ಡದೇನೂ ಆಗಿಲ್ಲ, ಆದರೂ..." ಆ 'ಆದರೂ' ಆದಮೇಲೆ ಬರುವ ಮಾತು ಕೇಳುವುದಕ್ಕೆ ಕೆಲವು ಸಲ ಅರ್ಧ ದಿನ ಬೇಕಾಗುತ್ತದೆ.

ನಿಮ್ಮ ಅತ್ತೆ ಹೇಳಿದ ಗಾದೆ ನನಗೂ ಇಷ್ಟವೇ. ಆದರೆ ಅದು ಜಗಳದ ಗಾದೆ. ಸಾರಿಗೆ ಉಪ್ಪು ಜಾಸ್ತಿಯಾಯಿತು, ತವರಿಗೆ ಯಾಕೆ ಕಳಿಸಲಿಲ್ಲ, ಇವರು ಒಂದು ಅಂದರು, ಅವಳು ಎರಡು ಅಂದಳು. ಅಂಥದ್ದು ಉಂಡು ಮಲಗಿದರೆ ಮುಗಿಯುತ್ತದೆ, ಮುಗಿಯಲೂ ಬೇಕು. ಜಗಳಕ್ಕೆ ಇಬ್ಬರು ಬೇಕು. ಊಟದ ಹಾಲ್‌ನಲ್ಲಿ ನಿಮ್ಮ ಕೆನ್ನೆಗೆ ಬಿದ್ದಿದ್ದು ಜಗಳ ಅಲ್ಲ.

ಈಗ ಸಿನಿಮಾಗೆ ಬರೋಣ. ಅನುಭವ್ ಸಿನ್ಹಾ ನಿರ್ದೇಶಿಸಿದ ಈ ಚಿತ್ರ 2020ರ ಫೆಬ್ರವರಿ ಕೊನೆಗೆ ಬಂತು. ದೆಹಲಿಯ ಉಳ್ಳವರ ಮನೆಯ ಕಥೆ. ಅಮೃತಾ ಒಳ್ಳೆಯ ನೃತ್ಯಗಾರ್ತಿ, ಮದುವೆಯಾದ ಮೇಲೆ ಮನೆಯೇ ಅವಳ ಕೆಲಸ. ಗಂಡ ವಿಕ್ರಮ್‌ಗೆ ಲಂಡನ್‌ನಲ್ಲಿ ದೊಡ್ಡ ಹುದ್ದೆ ಸಿಗುತ್ತದೆ ಎಂದು ಮನೆಯಲ್ಲಿ ಪಾರ್ಟಿ. ಅವತ್ತೇ ರಾತ್ರಿ, ಆ ಹುದ್ದೆಯಲ್ಲಿ ಇನ್ನೊಬ್ಬರ ಕೈಕೆಳಗೆ ಇರಬೇಕು ಎಂದು ಗೊತ್ತಾಗುತ್ತದೆ. ಅವನು ಮೇಲಿನವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ತಡೆಯಲು ಬಂದ ಅಮೃತಾಗೆ ಎಲ್ಲರ ಮುಂದೆ ಹೊಡೆಯುತ್ತಾನೆ. ಅಮೃತಾಗೆ ಬಿದ್ದ ಏಟು ಅಷ್ಟೇ, ಒಂದೇ ಒಂದು. ಉಳಿದ ಸಿನಿಮಾ ಎಲ್ಲಾ ಅದರ ಆಮೇಲಿನದು.

ಇಲ್ಲಿ ಒಂದು ವಿಷಯ ಗಮನಿಸಿ. ಏಟಿಗೆ ಮುಂಚೆ ಆ ಮನೆಯ ಬೆಳಗನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಅಮೃತಾ ಎಲ್ಲರಿಗಿಂತ ಮೊದಲು ಏಳುತ್ತಾಳೆ. ಕುಂಡದಲ್ಲಿ ಬೆಳೆದ ಮಜ್ಜಿಗೆಹುಲ್ಲು ಕತ್ತರಿಸಿ, ಶುಂಠಿ ಹಾಕಿ ಚಹಾ ಮಾಡುತ್ತಾಳೆ. ಅತ್ತೆಯ ಸಕ್ಕರೆ ಪರೀಕ್ಷೆ ಮಾಡುತ್ತಾಳೆ. ಗಂಡ ಕಾರು ಹತ್ತುವ ತನಕ ಹಿಂದೆಯೇ ಓಡಾಡುತ್ತಾಳೆ. ನೋಡುವಾಗ ಎಷ್ಟು ಚೆಂದದ ಸಂಸಾರ ಅನ್ನಿಸುತ್ತದೆ. ಅಮೃತಾಗೂ ಹಾಗೇ ಅನ್ನಿಸಿತ್ತು. ತಾನು ಡ್ರೈವಿಂಗ್ ಕಲಿಯಲಾ ಎಂದು ಕೇಳಿದಾಗ ಗಂಡ, ಮೊದಲು ಪರಾಠ ಸರಿಯಾಗಿ ಮಾಡೋದು ಕಲಿ ಎಂಬಂತೆ ತಮಾಷೆ ಮಾಡಿದರೂ ಅವಳಿಗೆ ನೋವಾಗಿರಲಿಲ್ಲ. ಏಟು ಬಿದ್ದ ಮೇಲೆ ಆ ಹಳೆಯದೆಲ್ಲಾ ಒಂದೊಂದಾಗಿ ಕಣ್ಣಿಗೆ ಕಾಣುತ್ತದೆ.

ಅದಕ್ಕಿಂತ ದೊಡ್ಡ ಗಾಯ ಮಾರನೇ ದಿನದ್ದು. ವಿಕ್ರಮ್ ಮಾತಾಡುವುದು ಬರೀ ತನ್ನ ಆಫೀಸಿನ ಬಗ್ಗೆ, ತನಗಾದ ಅವಮಾನದ ಬಗ್ಗೆ. ಅತ್ತೆ, ನೆಂಟರು, ಹೆತ್ತ ತಾಯಿ ಸಹ 'ಹೋಗಲಿ ಬಿಡು' ಅನ್ನುತ್ತಾರೆ. ಕೊನೆಯ ಭಾಗದಲ್ಲಿ ಅಮೃತಾ ಅತ್ತೆಯ ಎದುರು ಕೂತು ಇದನ್ನೇ ಕೇಳುತ್ತಾಳೆ. ಅಷ್ಟು ಜನರಲ್ಲಿ ಒಬ್ಬರಾದರೂ ನಿಮ್ಮ ಮಗ ಮಾಡಿದ್ದು ತಪ್ಪು ಅನ್ನಲಿಲ್ಲವಲ್ಲ ಎಂಬುದು ಅವಳ ಸಂಕಟ. ಆಗ ಅತ್ತೆಯೂ ತಲೆಬಾಗುತ್ತಾರೆ. ಆ ದೃಶ್ಯಕ್ಕೆ ನನಗೆ ಕಣ್ಣೀರು ಬಂದಿತ್ತು. ನಿಮ್ಮ ಅಣ್ಣನ ಮದುವೆಯಲ್ಲೂ ಹಾಲ್ ತುಂಬಾ ಜನ ಇದ್ದರು, ಅಲ್ವಾ?

ಅವಳ ಅಪ್ಪನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುವ ನಾಡು ನಮ್ಮದು. ಕುಮುದ್ ಮಿಶ್ರಾ ಮಾಡಿದ ಆ ಅಪ್ಪ ಮಗಳ ಪಕ್ಕ ಸುಮ್ಮನೆ ನಿಲ್ಲುತ್ತಾರೆ, ಉಪದೇಶ ಮಾಡುವುದಿಲ್ಲ. ಹಾಗೆಂದು ಅವರೇನು ದೇವರಲ್ಲ. ಅವರ ಹೆಂಡತಿ ಒಳ್ಳೆ ಹಾಡುಗಾರ್ತಿ. ಸಂಸಾರಕ್ಕಾಗಿ ಹಾಡುವುದನ್ನು ಬಿಟ್ಟಿದ್ದರು. ಅದು ಈ ಒಳ್ಳೆಯ ಗಂಡನ ಗಮನಕ್ಕೇ ಬಂದಿರಲಿಲ್ಲ. ಹೊಡೆಯದ ಗಂಡನ ಮನೆಯಲ್ಲೂ ಹೆಂಡತಿಯ ಪಾಲು ಹೀಗೆ ಸದ್ದಿಲ್ಲದೆ ಹೋಗಿರುತ್ತದೆ. ಇಡೀ ಚಿತ್ರದಲ್ಲಿ ನನಗೆ ಬಹಳ ಸತ್ಯ ಅನ್ನಿಸಿದ್ದು ಇದು.

ಇನ್ನು ಕಾನೂನು. ನಿಮ್ಮ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಹಿಂದೂ ವಿವಾಹ ಕಾಯಿದೆ ಬಂದಿದ್ದು 1955ರಲ್ಲಿ. ಬರೀ ಕ್ರೌರ್ಯದ ಕಾರಣಕ್ಕೆ ವಿಚ್ಛೇದನ ಕೇಳುವ ಅವಕಾಶ ಬಂದಿದ್ದು 1976ರ ತಿದ್ದುಪಡಿಯಿಂದ. ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಎಷ್ಟು ಏಟಾದರೆ ಕ್ರೌರ್ಯ ಎಂದು ಕಾಯಿದೆ ಎಣಿಸಿ ಹೇಳಿಲ್ಲ. ಏಟು ಗಂಭೀರವಾಗಿದ್ದರೆ ಒಂದೇ ಘಟನೆಯೂ ಸಾಕಾಗಬಹುದು. ಆದರೆ 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾನಸಿಕ ಕ್ರೌರ್ಯದ ಉದಾಹರಣೆಗಳನ್ನು ಬಿಡಿಸಿ ಹೇಳುವಾಗ, ಇಡೀ ದಾಂಪತ್ಯವನ್ನು ಒಟ್ಟಾಗಿ ನೋಡಬೇಕು, ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಆದ ಘಟನೆ ಸಾಲದು ಅಂದಿತು. ಹಾಗಾಗಿ ಗಂಡ ಒಪ್ಪದೆ ಹೋರಾಡಿದರೆ, ಒಂದೇ ಏಟಿನ ಮೇಲೆ ನಿಂತ ಕೇಸು ಗೆಲ್ಲುವುದು ಕಷ್ಟ. ಇದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದ ಹಾಗೆ.

ಸಿನಿಮಾದವರಿಗೂ ಇದು ಗೊತ್ತು. ಅದಕ್ಕೇ ಅಮೃತಾಳ ವಕೀಲೆ ನೇತ್ರಾ ಮೊದಲು ಹಿಂಜರಿಯುತ್ತಾಳೆ, ಕೊನೆಗೆ ಕೇಸು ಮುಗಿಯುವುದೂ ಇಬ್ಬರ ಒಪ್ಪಿಗೆಯಿಂದ. ನಮ್ಮ ಕೋರ್ಟುಗಳಲ್ಲೂ ಎಷ್ಟೋ ಕೇಸು ಮುಗಿಯುವುದು ಹೀಗೇ. ನಾವು ಆಡುಮಾತಿನಲ್ಲಿ 'ಮ್ಯೂಚುಯಲ್' ಅನ್ನುತ್ತೇವೆ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಯೋಚನೆಗೆ ಸಮಯ. ಮತ್ತೆ ಒಂದಾಗುವ ದಾರಿಯೇ ಇಲ್ಲ, ಮಕ್ಕಳು, ಜೀವನಾಂಶ ಎಲ್ಲಾ ಇತ್ಯರ್ಥವಾಗಿದೆ ಎಂದಾದರೆ ಆ ಆರು ತಿಂಗಳನ್ನು ನ್ಯಾಯಾಧೀಶರು ಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವಿಕ್ರಮ್ ಕಡೆಯವರು ಅವಳು ಮನೆಗೆ ವಾಪಸ್ ಬರಬೇಕೆಂದು ನೋಟಿಸ್ ಕಳಿಸುತ್ತಾರೆ, ನೆನಪಿದೆಯಾ? ಅದು ಹಿಂದೂ ವಿವಾಹ ಕಾಯಿದೆಯ ಸೆಕ್ಷನ್ 9, ಬಿಟ್ಟುಹೋದವರು ಮತ್ತೆ ಬಂದು ಕೂಡಿ ಬಾಳಬೇಕು ಎಂದು ಕೋರ್ಟನ್ನು ಕೇಳುವುದು. ಅದರ ಹೆಸರು ಕೇಳಿದರೇ ಹೆಣ್ಣುಮಕ್ಕಳು ನಡುಗುತ್ತಾರೆ. ನಡುಗಬೇಕಾಗಿಲ್ಲ. ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಆದರೂ ಪೊಲೀಸರು ಬಂದು ನಿಮ್ಮನ್ನು ಗಂಡನ ಮನೆಗೆ ಕರೆದುಕೊಂಡು ಹೋಗಿ ಬಿಡುವುದಿಲ್ಲ. ಡಿಕ್ರಿಯಾಗಿ ಒಂದು ವರ್ಷ ಕೂಡಿ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಆಂಧ್ರಪ್ರದೇಶ ಹೈಕೋರ್ಟ್ 1983ರಲ್ಲಿ ಈ ಸೆಕ್ಷನ್ ಅನ್ನೇ ರದ್ದು ಮಾಡಿತ್ತು, ಮರುವರ್ಷ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಅದನ್ನು ಉಳಿಸಿತು. ಉಳಿಸಬಾರದಿತ್ತು ಎಂದು ನನ್ನ ಅನಿಸಿಕೆ.

ನಿಮ್ಮ ಮನೆಯವರಿಗೆ ಗೊತ್ತಿಲ್ಲದ ಇನ್ನೊಂದು ಕಾನೂನು ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ. ಅಲ್ಲಿ ಏಟಿನ ಲೆಕ್ಕ ಇಲ್ಲ. ಒಂದು ಏಟೂ ಹಿಂಸೆಯೇ, ಹೀಯಾಳಿಸುವುದೂ ಹಿಂಸೆಯೇ, ಮನೆಖರ್ಚಿಗೆ ಕಾಸು ಕೊಡದಿರುವುದೂ ಹಿಂಸೆಯೇ. ವಿಚ್ಛೇದನ ಕೇಳಬೇಕಾಗಿಲ್ಲ, ಮನೆ ಬಿಡಬೇಕಾಗಿಲ್ಲ. ಇನ್ನು ಮುಂದೆ ಕೈಮಾಡಬಾರದು ಎಂಬ ರಕ್ಷಣಾ ಆದೇಶ ಕೇಳಬಹುದು, ಅದೇ ಮನೆಯಲ್ಲಿ ಇರುವ ಹಕ್ಕು ಕೇಳಬಹುದು, ಪರಿಹಾರ ಕೇಳಬಹುದು. ಸಮಯ ಮೀರಿತು ಎಂದು ಈ ಅರ್ಜಿಯನ್ನು ತಳ್ಳಿಹಾಕುವ ಹಾಗಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ, ಅವರೇ ಸಂರಕ್ಷಣಾಧಿಕಾರಿ, ಅಂದರೆ ಈ ಕಾಯಿದೆಯಡಿ ನಿಮಗೆ ನೆರವಾಗಬೇಕಾದ ಅಧಿಕಾರಿ. ವಕೀಲರಿಗೆ ದುಡ್ಡಿಲ್ಲ ಎಂದು ಹಿಂಜರಿಯಬೇಡಿ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಮಹಿಳಾ ಸಹಾಯವಾಣಿ 181.

ನೀವು ಒಬ್ಬರೇ ಅಲ್ಲ ಎಂಬುದಕ್ಕೆ ಒಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಮದುವೆಯಾದ ಹೆಂಗಸರಲ್ಲಿ ಶೇ 29.3ರಷ್ಟು ಜನ ಗಂಡನಿಂದ ಹಿಂಸೆ ಕಂಡಿದ್ದೇವೆ ಅಂದರು. ಕರ್ನಾಟಕದಲ್ಲಿ ಅದು ಶೇ 44.4. ಆ ಹಿಂಸೆಯಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಯಾವುದು ಗೊತ್ತಾ? ಕೆನ್ನೆಗೆ ಏಟು.

ಈಗ ನಿಮ್ಮ ಮೂರನೇ ಪ್ರಶ್ನೆ. ಕೈಗೆ ಏನು ಉಳಿಯುತ್ತದೆ? ಇಲ್ಲಿ ನನಗೆ ಸಿನಿಮಾ ಜೊತೆ ತಕರಾರಿದೆ.

ಅಮೃತಾ ತನಗೆ ಜೀವನಾಂಶವೂ ಬೇಡ, ಏನೂ ಬೇಡ ಅನ್ನುತ್ತಾಳೆ. ಅದು ಅವಳ ಸ್ವಾಭಿಮಾನ. ನೋಡುವವರಿಗೆ ಎದೆ ಉಬ್ಬುತ್ತದೆ. ಆದರೆ ಅವಳಿಗೆ ಕೋಣೆ ಖಾಲಿ ಇಟ್ಟುಕೊಂಡ ತವರುಮನೆ ಇತ್ತು, ಕೈಹಿಡಿಯುವ ಅಪ್ಪ ಇದ್ದರು, ಕಲಿತ ಕಲೆ ಇತ್ತು. ಸಿನಿಮಾ ಬಂದ ಮೇಲೆ ನನ್ನ ಹತ್ತಿರ ಬಂದ ಕೆಲವರು, "ಮೇಡಂ, ಅವರ ಒಂದು ರೂಪಾಯಿಯೂ ನನಗೆ ಬೇಡ" ಅಂದರು. ನನಗೆ ಹೊಟ್ಟೆ ಉರಿಯಿತು. ಅವರ ರೂಪಾಯಿ ಎಂದು ಯಾರು ಹೇಳಿದರು?

ಒಬ್ಬ ಕಕ್ಷಿದಾರರ ವಿಷಯ ಹೇಳುತ್ತೇನೆ, ಹೆಸರು ಬೇಡ. ಜೀವನಾಂಶ ಕೇಳಿದರೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಖರ್ಚು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು. 2020ರಲ್ಲಿ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ ವ್ಯವಸ್ಥೆ. ಆ ಹೆಣ್ಣುಮಗಳು ಉದ್ಯೋಗ ಅನ್ನುವ ಕಡೆ 'ಏನೂ ಇಲ್ಲ' ಎಂದು ಬರೆದುಕೊಂಡು ಬಂದಿದ್ದರು. ನಾನು ಒಂದು ಬಿಳಿ ಹಾಳೆ ಕೊಟ್ಟು, "ನಿನ್ನೆ ಎದ್ದಾಗಿಂದ ಏನೇನು ಮಾಡಿದಿರಿ, ಬರೀರಿ" ಅಂದೆ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತರು. ಆಮೇಲೆ ಬರೆದರು. ಐದಕ್ಕೆ ಮೋಟರ್ ಹಾಕಿ ತೊಟ್ಟಿ ತುಂಬಿಸಿದ್ದು. ಹಾಲು ಕಾಯಿಸಿದ್ದು. ಮಾವನಿಗೆ ಬಿಪಿ ಮಾತ್ರೆ. ಹದಿನಾಲ್ಕು ರೊಟ್ಟಿ, ಎರಡು ಪಲ್ಯ, ಮೂರು ಡಬ್ಬಿ. ಅಂಗಡಿಗೆ ಗಂಡನ ಊಟ ಕಳಿಸಿದ್ದು. ಅಂಗಡಿಯ ಉದ್ರಿ ಪುಸ್ತಕದ ಲೆಕ್ಕ ಕೂಡಿಸಿದ್ದು. ಹಾಳೆಯ ಎರಡೂ ಮಗ್ಗುಲು ತುಂಬಿತು. ಆಮೇಲೆ ಚೀಲದಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದರು. ಒಳಗೆ ಮಡಿಸಿ ಮಡಿಸಿ ಹರಿಯುವ ಹಾಗಿದ್ದ ಚೀಟಿಗಳು. ಬಂಗಾರ ಅಡವಿಟ್ಟ ರಸೀದಿ, ಎಲ್ಲವೂ ಅವರದೇ ಹೆಸರಲ್ಲಿ. ಅಂಗಡಿ ಶುರುವಾಗಿದ್ದೇ ಆ ದುಡ್ಡಿನಿಂದ. 'ಏನೂ ಇಲ್ಲ' ಎಂದು ಬರೆದಿದ್ದು ಇದೇ ಕೈ.

ಆ ರಸೀದಿಗಳು ಕೇಸಿನ ದಿಕ್ಕನ್ನೇ ಬದಲಿಸಿದವು. ತವರಿನವರು ಹಾಕಿದ್ದು, ಮದುವೆಯಲ್ಲಿ ನಿಮಗೆಂದು ಬಂದದ್ದು, ಎಲ್ಲಾ ನಿಮ್ಮ ಸ್ತ್ರೀಧನ. ಅದು ಪೂರ್ತಿ ಹೆಂಡತಿಯದೇ ಸ್ವತ್ತು, ಗಂಡ ಅದರ ಜಂಟಿ ಮಾಲೀಕನಲ್ಲ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ.

ಮನೆಗೆಲಸಕ್ಕೂ ಈಗ ಲೆಕ್ಕ ಇದೆ. ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಹೆಂಗಸರು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಆದರೂ ಮನೆ ಯಾರ ಹೆಸರಲ್ಲಿದೆಯೋ ಅವರದ್ದು ಎಂಬುದೇ ನಮ್ಮ ದೇಶದ ಬಹುಪಾಲು ಕಡೆಯ ಕಾನೂನು. ಆದರೆ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಉಳಿದಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅಲ್ಲಿ ಗಂಡ ಹೆಂಡತಿ ಇಬ್ಬರಿಗೂ ಆಸ್ತಿಯಲ್ಲಿ ಅರ್ಧರ್ಧ. 2023ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಗಂಡ ಹೊರಗೆ ದುಡಿದದ್ದು ಹೆಂಡತಿ ಮನೆ ನೋಡಿಕೊಂಡದ್ದರಿಂದ, ಹಾಗಾಗಿ ಆ ದುಡಿಮೆಯ ಆಸ್ತಿಯಲ್ಲಿ ಅವಳಿಗೂ ಸಮಪಾಲು ಎಂದು ತೀರ್ಪು ಕೊಟ್ಟಿತು. ನಮ್ಮ ರಾಜ್ಯದ ಕೋರ್ಟುಗಳು ಅದನ್ನು ಪಾಲಿಸಲೇಬೇಕು ಅಂತಿಲ್ಲ. ಆದರೆ ನನ್ನಂಥವರಿಗೆ ವಾದ ಮಾಡಲು ಅದು ಗಟ್ಟಿ ಆಧಾರ.

ಆದ್ದರಿಂದ ಜೀವನಾಂಶ ಭಿಕ್ಷೆಯೂ ಅಲ್ಲ, ಸೇಡೂ ಅಲ್ಲ. ಹನ್ನೊಂದು ವರ್ಷ ನೀವು ಹೂಡಿದ್ದರಲ್ಲಿ ಸ್ವಲ್ಪ ವಾಪಸ್ ಬರುವುದು. ಬೇಡ ಅನ್ನುವ ಸ್ವಾತಂತ್ರ್ಯ ನಿಮಗಿದೆ. ಮಗಳ ಪಾಲನ್ನು ಬೇಡ ಅನ್ನುವ ಅಧಿಕಾರ ನಿಮಗಿಲ್ಲ. ಅವಳ ಓದು, ಊಟ, ಆಸ್ಪತ್ರೆ ಖರ್ಚು ಅವಳ ಹಕ್ಕು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎನ್ನುತ್ತದೆ 1956ರ ಕಾಯಿದೆ. ನಿಮ್ಮ ಮಗಳು ಅದನ್ನು ದಾಟಿದ್ದಾಳೆ. ಕೋರ್ಟು ಅವಳ ಹಿತ ನೋಡುತ್ತದೆ, ಅವಳನ್ನೂ ಮಾತಾಡಿಸಿ ಕೇಳುತ್ತದೆ.

ಇಷ್ಟೆಲ್ಲಾ ಹೇಳಿದೆ ಎಂದು, ನಾಳೆಯೇ ಅರ್ಜಿ ಹಾಕಿ ಎಂದು ಅಂದುಕೊಳ್ಳಬೇಡಿ. ನೀವು ಪತ್ರದಲ್ಲಿ ವಿಚ್ಛೇದನ ಬೇಕು ಎಂದು ಬರೆದಿಲ್ಲ. ಅತಿಯಾಯಿತಾ ಎಂದು ಕೇಳಿದ್ದೀರಿ. ಕಾನೂನಿನಲ್ಲಿ 'ಮನ್ನಿಸುವಿಕೆ' ಎಂಬ ಮಾತಿದೆ. ತಪ್ಪಾದ ಮೇಲೂ ಗಂಡ ಹೆಂಡತಿ ಮೊದಲಿನ ಹಾಗೇ ಸಂಸಾರ ಮಾಡಿದರೆ ಅದನ್ನು ಮನ್ನಿಸಿದ ಹಾಗೆ ಎಂದು ಕೋರ್ಟು ತಿಳಿಯಬಹುದು. ಆದರೆ ಆ ಕ್ಷಮೆ ಷರತ್ತಿನ ಮೇಲೆ ನಿಂತದ್ದು. ಮತ್ತೆ ತಪ್ಪು ನಡೆದರೆ ಹಳೆಯದಕ್ಕೂ ಜೀವ ಬರುತ್ತದೆ. ಇದನ್ನು ಸುಪ್ರೀಂ ಕೋರ್ಟ್ 1975ರಲ್ಲಿ ದಾಸ್ತಾನೆ ಪ್ರಕರಣದಲ್ಲಿ ಹೇಳಿತು.

ಅದು ಕೋರ್ಟಿನ ಭಾಷೆ. ಮನೆಯ ಭಾಷೆಯಲ್ಲಿ, ನೀವು ಮನ್ನಿಸಿಲ್ಲ, ಯಾಕೆಂದರೆ ನಿಮ್ಮನ್ನು ಯಾರೂ ಕ್ಷಮೆ ಕೇಳಿಯೇ ಇಲ್ಲ. ಎರಡು ವರ್ಷದಿಂದ ನೀವೊಬ್ಬರೇ ಅದನ್ನು ಹೊತ್ತಿದ್ದೀರಿ. ನಿಮ್ಮ ಯಜಮಾನರಿಗೆ ಅದು ನೆನಪಿದೆಯೋ ಇಲ್ಲವೋ. ಸಿನಿಮಾದ ವಿಕ್ರಮ್‌ಗೂ ತಾನು ಮಾಡಿದ್ದು ಅರ್ಥವಾಗಲು ತುಂಬಾ ಸಮಯ ಹಿಡಿಯಿತು. ಮನಸಾರೆ ಕ್ಷಮೆ ಕೇಳುವ ಹೊತ್ತಿಗೆ ಮದುವೆ ಮುಗಿದಿತ್ತು. ನಿಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಮತ್ತೆ ಕೈಮಾಡುತ್ತಾರೆ ಎಂಬ ಭಯ ಇದ್ದರೆ ಮೊದಲು 181ಕ್ಕೆ ಫೋನ್ ಮಾಡಿ. ಮಾತಾಡುವುದು ಆಮೇಲೆ. ಆ ಭಯ ಇಲ್ಲದಿದ್ದರೆ ಮಾತಾಡಿ. ಮಗಳು ಮಲಗಿದ ಮೇಲೆ, ಅತ್ತೆ ಇಲ್ಲದ ಹೊತ್ತು ನೋಡಿ. ಸಿನಿಮಾ ಮಾತು ತೆಗೆಯಬೇಡಿ, ತೆಗೆದರೆ ಮತ್ತೆ ಕೋರ್ಟು ಕಚೇರಿ ಎಂದು ಅಲ್ಲೇ ಜಾರಿಬಿಡುತ್ತಾರೆ. ಬೀರುವಿನಿಂದ ಆ ಆಲ್ಬಮ್ ತೆಗೆದು ಅವರ ಮುಂದೆ ಇಡಿ. ಇದನ್ನು ಎರಡು ವರ್ಷದಿಂದ ಯಾಕೆ ತೆರೆದಿಲ್ಲ ಎಂದು ಹೇಳಿ.